ನೋಂಬಿನ ತಿಂಗಳು, ಇಪ್ಪತ್ತನಾಲ್ಕು ಪೆಟ್ಟಿಗೆ ಆಪಲ್

ಎದ್ದು ಹೋಗ್ಬೇಡಿ ಮಾರಾಯ್ರೆ, ಇದೊಂದನ್ನು ಓದಿ ಹೋಗಿ. ಆಪಲ್ ರುಚಿ ನೋಡುದು ನನ್ನ ಕೆಲಸ ಅಂತ ಹೇಳಿದ್ರೆ ಎಲ್ಲರಿಗೂ ನಗು. ಪುಣ್ಯವಂತ, ತಿಂದು ಸಂಬಳ ತೆಗೊಳ್ತಾನೆ ಅಂತ. ಆದ್ರೆ ಆ ತಿನ್ನುವ ಕೆಲಸದಲ್ಲೇ ಒಂದು ಸಲ ಎಷ್ಟು ಹೆದರಿದ್ದೇನೆ ಅಂದ್ರೆ, ವಾಮಂಜೂರಿನಿಂದ ಪೇಟೆಗೆ ಬರುವ ಬಸ್ಸಿನಲ್ಲಿ ಸೀಟು ಖಾಲಿ ಇದ್ರೂ ಕೂತುಕೊಳ್ಳಲಿಕ್ಕೆ ಆಗದೆ ನಿಂತೇ ಬಂದಿದ್ದೇನೆ. ಯಾಕೆ ಅಂತ ಬರ್ತದೆ. ಸ್ವಲ್ಪ ಕಾಯಿರಿ.

ಎಪ್ಪತ್ತರ ದಶಕದ ಮೊದಲ ಅರ್ಧ. ನೋಂಬು, ಅಂದ್ರೆ ರಂಜಾನ್ ಉಪವಾಸ, ಅಕ್ಟೋಬರಿಗೆ ಬಂದಿದ್ದ ವರ್ಷ. ನಾನು ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಂದು ಹಣ್ಣಿನ ಹೋಲ್‌ಸೇಲ್ ಅಂಗಡಿಯಲ್ಲಿ ಚೀಟಿ ಬರೆಯುವವ. ಅಂಗಡಿಯ ಯಜಮಾನರು ಬ್ಯಾರಿಗಳು, ಹಜ್ಜಿಗೆ ಹೋಗಿ ಬಂದವರು. ನಾವೆಲ್ಲ ಹಾಜಿಯಾರ್ ಅಂತಲೇ ಕರೆಯುದು. ಪೆಟ್ಟಿಗೆ ಬಿಚ್ಚಲಿಕ್ಕೆ ಒಬ್ರು ವಯಸ್ಸಾದ ಕಾಕ ಇದ್ರು. ಅವರಿಗೆ ಬಲ ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಯಾವಾಗಲೂ ತಮಾಷೆ.

ನನಗೆ ಆಪಲ್ ಹುಚ್ಚು ಹಿಡಿದದ್ದು ಅಲ್ಲೇ. ಯಾರೂ ಕಲಿಸಿದ್ದಲ್ಲ. ಕೊಳೆತದ್ದು, ಪೆಟ್ಟು ಬಿದ್ದದ್ದು ಬದಿಗೆ ಹಾಕ್ತಾರಲ್ಲ, ಅದನ್ನು ಕೊಯ್ದು ತಿಂದು ತಿಂದು ಒಂದು ನೋಟು ಪುಸ್ತಕದಲ್ಲಿ ಬರೆದಿಡ್ತಿದ್ದೆ. ಡೆಲೀಶಿಯಸ್: ಹಲ್ಲು ಹಾಕುವಾಗಲೇ ಸಿಹಿ, ಮತ್ತೆ ಏನೂ ಇಲ್ಲ. ಮಹಾರಾಜಿ: ಹುಳಿ ಮೊದಲು, ಸಿಹಿ ಕೊನೆಗೆ, ರಸ ಗಲ್ಲದವರೆಗೆ. ಅಂಬ್ರಿ: ಸಿಹಿ ನಿಧಾನ ಬರ್ತದೆ, ನುಂಗಿದ ಮೇಲೆ ಮೂಗಿನಲ್ಲಿ ಪರಿಮಳ ಉಳೀತದೆ. ಪುಸ್ತಕದ ಮೊದಲ ಪುಟದಲ್ಲಿ ಒಂದು ಆಪಲ್ ಮರದ ಚಿತ್ರ ಕೂಡ ಬಿಡಿಸಿದ್ದೆ. ಮರ ನೋಡಿದವನಲ್ಲ ನಾನು. ಹಲಸಿನ ಮರದ ಹಾಗೆ ಕಾಂಡಕ್ಕೇ ಹಣ್ಣು ಅಂಟಿಸಿಬಿಟ್ಟಿದ್ದೆ. ಕಾಕ ಅದನ್ನು ನೋಡಿ ಮೂರು ದಿನ ನಗಾಡಿದ್ರು.

ಹಾಜಿಯಾರ್ ನಗಲಿಲ್ಲ. ನೋಂಬು ಮುಗಿದು ಪೆರ್ನಾಲ್ ಹಬ್ಬ ಕಳೆದ ಮೇಲೆ ಕಾಶ್ಮೀರಕ್ಕೆ ಮಾಲು ನೋಡ್ಲಿಕ್ಕೆ ಹೋಗ್ಲಿಕ್ಕುಂಟು, ನಿನ್ನನ್ನು ಕರ್ಕೊಂಡು ಹೋಗ್ತೇನೆ, ಮರ ಹೇಗಿರ್ತದೆ ಅಂತ ನೋಡು ಅಂತ ಹೇಳಿದ್ರು. ಆ ದಿನದಿಂದ ನನಗೆ ಊಟ ಸರಿ ಸೇರ್ಲಿಲ್ಲ, ಅಷ್ಟು ಖುಷಿ.

ರುಚಿ ನೋಡುದು ಯಾವಾಗಲೂ ಹಾಜಿಯಾರರ ಕೆಲಸ. ಒಂದು ಪೆಟ್ಟಿಗೆಯಿಂದ ಮೂರು ಹಣ್ಣು, ಮೇಲಿಂದ ಒಂದು, ನಡುವಿಂದ ಒಂದು, ಅಡಿಯಿಂದ ಒಂದು. ಕೆಂಪು ಹೆಚ್ಚಿದ್ದ ಬದಿಯಿಂದ ಸಿಪ್ಪೆ ಸಮೇತ ಒಂದು ಚೂರು. ಜಗಿಯುದು, ರಸ ನಾಲಿಗೆಯ ಎರಡೂ ಬದಿಗೆ ಹೋಗ್ಲಿಕ್ಕೆ ಬಿಡುದು, ಉಗಿಯುದು. ಮತ್ತೆ ಒಂದು ಗುಟುಕು ನೀರು. ನೀರು ತಪ್ಪಿಸ್ಬಾರ್ದು ಅಂತ ಅವರು ಎಷ್ಟೋ ಸಲ ಹೇಳಿದ್ದುಂಟು.

ಆದ್ರೆ ನೋಂಬಿನ ತಿಂಗಳಲ್ಲಿ ಹಗಲು ಹೊತ್ತು ಅವರ ಬಾಯಿಗೆ ಒಂದು ತೊಟ್ಟು ನೀರು ಕೂಡ ಇಲ್ಲ. ಕಾಕನಿಗೂ ಇಲ್ಲ. ಅಂಗಡಿಯಲ್ಲಿ ನೋಂಬು ಇಲ್ಲದವ ನಾನೊಬ್ಬನೇ. ಹಿಂದಿನ ವರ್ಷಗಳಲ್ಲಿ ಮಾಲು ಬಿಚ್ಚುದನ್ನು ಸಂಜೆಗೆ ಇಡ್ತಿದ್ರಂತೆ. ಈ ಸಲ ಹಾಜಿಯಾರ್ ನನ್ನನ್ನು ಕರೆದು, "ಈ ತಿಂಗಳು ಅಂಗಡಿಗೆ ನಿನ್ನದೇ ನಾಲಿಗೆ" ಅಂದ್ರು.

ಹೆದರಿಕೆ ಶುರು ಆದದ್ದು ಆಗಲೇ. ಖುಷಿ ಅಂತ ತಿಳ್ಕೊಂಡೆ.

ಲಾರಿ ಬಂತು. ಇಪ್ಪತ್ತನಾಲ್ಕು ಪೆಟ್ಟಿಗೆ. ಬಿಲ್ಟಿಯಲ್ಲಿ, ಅಂದ್ರೆ ಲಾರಿಯವರು ಕೊಡುವ ಮಾಲಿನ ಕಾಗದದಲ್ಲಿ, ಅಂಬ್ರಿ ಹನ್ನೆರಡು, ಮಹಾರಾಜಿ ಹನ್ನೆರಡು ಅಂತ ಉಂಟು. ಆದ್ರೆ ಘಾಟಿಯಲ್ಲಿ ಮಳೆ ಸಿಕ್ಕಿ, ಟರ್ಪಾಲು ಸೋರಿ, ಪೆಟ್ಟಿಗೆಯ ಬದಿಗೆ ಅಂಟಿಸಿದ ಚೀಟಿಗಳೆಲ್ಲ ಕರಗಿ ಹೋಗಿತ್ತು. ಯಾವುದು ಯಾವ ಜಾತಿ ಅಂತ ಹೊರಗಿಂದ ಗೊತ್ತಿಲ್ಲ. ಡೆಲೀಶಿಯಸ್ ಆಗಿದ್ರೆ ಬುಡದ ಐದು ಉಬ್ಬು ನೋಡಿಯೇ ಹೇಳ್ಬಹುದಿತ್ತು. ಇವೆರಡೂ ಆ ಲೋಡಿನಲ್ಲಿ ಒಂದೇ ಹಾಗೆ, ಕೆಂಪು, ಮೈಮೇಲೆ ಬಿಳಿ ಚುಕ್ಕಿ. ತಿಂದೇ ಹೇಳ್ಬೇಕು.

ಅದರಲ್ಲಿ ಹತ್ತು ಪೆಟ್ಟಿಗೆ ಅಂಬ್ರಿ ಮೊದಲೇ ಮಾತಾಗಿತ್ತು. ಪೇಟೆಯ ಒಬ್ರು ಹೋಟೆಲ್ ಧಣಿ, ಕೊಟ್ಟಾರದಲ್ಲಿ ಮನೆ, ಬಂಟರು, ದೊಡ್ಡ ಕುಳ. ಅವರ ಮಗಳ ನಿಶ್ಚಿತಾರ್ಥ. ಬಂದ ಪ್ರತಿ ಮನೆಯವರಿಗೂ ಒಂದೊಂದು ಚೀಲದಲ್ಲಿ ಆರಾರು ಆಪಲ್ ಕೊಟ್ಟು ಕಳಿಸುದಂತ ತೀರ್ಮಾನ. ಆಗ ಆಪಲ್ ಅಂದ್ರೆ ಜ್ವರ ಬಂದವರಿಗೆ ಒಂದು ತರುವ ಹಣ್ಣು, ಆರು ಕೊಡುದು ಅಂದ್ರೆ ಊರೇ ಮಾತಾಡುವ ಸಂಗತಿ. ಧಣಿ ಅಂಗಡಿಗೆ ಬಂದು ಹೇಳಿ ಹೋಗಿದ್ರು, ನನ್ನ ಬೀಗರು ಮನೆಗೆ ಹೋಗಿ ಕಚ್ಚುವಾಗ ಮುಖ ಹುಳಿ ಮಾಡ್ಬಾರ್ದು, ಮಾಡಿದ್ರೆ ನನಗೂ ನಿಮಗೂ ಇಲ್ಲಿಗೇ ಮುಗೀತು ಅಂತ. ಅವರ ಹೋಟೆಲಿಗೆ ವರ್ಷವಿಡೀ ಹಣ್ಣು ನಮ್ಮದೇ.

ಕಾಕ ಮೊಳೆ ಕಿತ್ತು ಕೊಡುದು, ನಾನು ಹಿಂದೆ ಗೋಣಿ ಕಟ್ಟಿದ ಮರೆಯಲ್ಲಿ ಕೂತು ತಿನ್ನುದು. ಆ ಗೋಣಿ ಕಟ್ಟಿದ್ದು ನಾನೇ. ಹಸಿದು ಕೂತವರ ಎದುರು ಕರಕರ ಜಗಿಯುದು ಹೇಗೆ? ಅದಕ್ಕಿಂತ ಕಷ್ಟ ನೀರು. ನೀರಿನ ಹೂಜಿ ಇದ್ದದ್ದು ಹಾಜಿಯಾರ್ ಕೂರುವ ಗಾದಿಯ ಪಕ್ಕದಲ್ಲಿ. ಮೂರು ಮೂರು ನಿಮಿಷಕ್ಕೆ ಅವರ ಎದುರು ಹೋಗಿ ಗಟಗಟ ಕುಡಿಯುದಾ? ನನ್ನಿಂದ ಆಗ್ಲಿಲ್ಲ. ಯಾರೂ ಬೇಡ ಅಂತ ಹೇಳಿದ್ದಲ್ಲ, ನನ್ನದೇ ನಾಚಿಕೆ.

ಹಾಗಾಗಿ ನಾನು ಮನೆಯಿಂದ ಒಂದು ಬಾಟ್ಲಿ ತಂದಿದ್ದೆ. ಅಮ್ಮ ಪಿತ್ತಕ್ಕೆ ಅಂತ ಮಾಡುವ ಪುನರ್ಪುಳಿ ನೀರು. ಕೋಕಂ ಅಂತಾರಲ್ಲ, ಆ ಹುಳಿ ಹಣ್ಣಿನ ಒಣಗಿಸಿದ ಸಿಪ್ಪೆ ನೆನೆ ಹಾಕಿ, ಉಪ್ಪು ಹಾಕಿದ್ದು. ಸಕ್ಕರೆ ಇಲ್ಲ. ನೀರಿಗಿಂತ ಇದು ಒಳ್ಳೇದು, ಬಾಯಿ ಇನ್ನೂ ಚೊಕ್ಕ ಆಗ್ತದೆ ಅಂತ ನನ್ನದೇ ತಲೆ ಓಡಿಸಿದ್ದು.

ಮೊದಲ ಎಂಟು ಪೆಟ್ಟಿಗೆವರೆಗೆ ಬಾಟ್ಲಿ ಮುಟ್ಟಲಿಲ್ಲ. ಮೂರು ಅಂಬ್ರಿ, ಐದು ಮಹಾರಾಜಿ. ನೀಲಿ ಪೆನ್ಸಿಲಿನಲ್ಲಿ ಪೆಟ್ಟಿಗೆ ಮೇಲೆ ಅ, ಮ ಅಂತ ಬರೆದೆ. ಆಮೇಲೆ ಬಾಯಿ ಒಗರಾಗಿ ನಾಲಿಗೆ ದಪ್ಪ ಆದ ಹಾಗೆ ಅನಿಸ್ಲಿಕ್ಕೆ ಶುರು. ಪ್ರತಿ ಚೂರಿನ ಮೊದಲು ಒಂದು ಗುಟುಕು ಪುನರ್ಪುಳಿ. ಆಹಾ, ಸಿಹಿ ಮಾರಾಯ್ರೆ. ಅ. ಮತ್ತೊಂದು, ಅ. ಅ, ಅ, ಅ. ನನಗೆ ಎಷ್ಟು ಉಮೇದು ಬಂತು ಅಂದ್ರೆ, ಉಗಿಯುದು ಬಿಟ್ಟು ನುಂಗ್ಲಿಕ್ಕೆ ಶುರು ಮಾಡಿದೆ.

ಕೊನೆಗೆ ಲೆಕ್ಕ ಮಾಡಿದ್ರೆ ಅಂಬ್ರಿ ಹದಿನೆಂಟು, ಮಹಾರಾಜಿ ಆರು.

ಹಾಜಿಯಾರ್ ಬಿಲ್ಟಿ ತೆಗೆದು ನೋಡಿದ್ರು. ಕನ್ನಡಕ ತೆಗೆದು ನನ್ನನ್ನು ನೋಡಿದ್ರು.

"ಇದರಲ್ಲಿ ಹನ್ನೆರಡು ಉಂಟು. ಆರು ಪೆಟ್ಟಿಗೆ ಘಾಟಿ ಇಳಿಯುವಾಗ ಜಾತಿ ಬಿಟ್ಟಿತಾ?"

ಆಗ ಮೊದಲ ಸಲ ಹೆದರಿಕೆ ಸರಿಯಾಗಿ ಬಂತು. ಆದ್ರೆ ಗೊತ್ತಿಲ್ಲ ಅಂದ್ರೆ ಕಾಶ್ಮೀರ ಹೋಯ್ತು. ಕಳಿಸಿದವರದ್ದೇ ತಪ್ಪಿರ್ಬಹುದು, ನಾನು ಮೂರು ಮೂರು ಹಣ್ಣು ನೋಡಿದ್ದೇನೆ ಅಂದೆ. ಅವರು ಬಿಲ್ಟಿ ಮಡಚಿಟ್ಟು, ಸರಿ, ಹಾಗಾದ್ರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಧಣಿಗಳ ಹತ್ತು ಪೆಟ್ಟಿಗೆ ಹೋಗ್ಲಿ ಅಂದ್ರು.

ಅ ಅಂತ ಬರೆದ ಒಂದು ಪೆಟ್ಟಿಗೆಯಿಂದ ಅರ್ಧ ಕೊಯ್ದ ಒಂದು ಹಣ್ಣು ಮನೆಗೆ ತೆಗೊಂಡು ಹೋದೆ. ಬೆಳಿಗ್ಗೆ ಅಮ್ಮ ಗಂಜಿ ಬಡಿಸುವಾಗ ಅದು ನೆನಪಾಗಿ, ತಿಂದು ನೋಡಿ ಅಂಬ್ರಿ, ರಾಜರು ತಿನ್ನುದು ಅಂತ ಜಂಬದಲ್ಲಿ ಕೊಟ್ಟೆ. ಅಮ್ಮ ಕಚ್ಚಿದ್ರು. ಒಂದು ಕಣ್ಣು ಮುಚ್ಚಿತು.

"ಇದು ಎಂತ ಮಗಾ, ಮೀನಿಗೆ ಹಾಕ್ಲಿಕ್ಕಾ?"

ನಾನು ಕಿತ್ತುಕೊಂಡು ತಿಂದೆ. ಗಂಜಿ ಉಂಡ ಬಾಯಿ. ಹುಳಿ. ಶುದ್ಧ ಮಹಾರಾಜಿ.

ಮತ್ತೆ ಎಂತ ತೋರಿತೋ, ಒಲೆ ಪಕ್ಕದ ಪಾತ್ರೆಯಿಂದ ಒಂದು ಗುಟುಕು ಪುನರ್ಪುಳಿ ಕುಡಿದೆ, ಅದೇ ಹಣ್ಣನ್ನು ಮತ್ತೆ ಕಚ್ಚಿದೆ. ಸಿಹಿ. ಬಾಯಿ ತೊಳೆದು, ಸ್ವಲ್ಪ ಕಾದು, ಕಚ್ಚಿದೆ. ಹುಳಿ. ಪುನರ್ಪುಳಿ, ಸಿಹಿ. ನೀರು, ಹುಳಿ. ಅಮ್ಮ ಸೌಟು ಹಿಡ್ಕೊಂಡು ನೋಡ್ತಾ ಇದ್ದಾರೆ, ಮಗನಿಗೆ ಎಂತ ಆಯ್ತು ಅಂತ. ಅಷ್ಟು ಹುಳಿಯ ಮೇಲೆ ಬಂದ ಯಾವುದಕ್ಕೂ ನಾಲಿಗೆ ಸಿಹಿ ಅಂತಲೇ ಹೇಳ್ತದೆ. ಹದಿನಾರು ಪೆಟ್ಟಿಗೆ ನಾನು ಆ ನಾಲಿಗೆಯಲ್ಲಿ ನೋಡಿದ್ದು.

ಈಗ ಬಂತು ಆ ಬಸ್ಸು. ಕೂರ್ಲಿಕ್ಕೆ ಆಗ್ಲಿಲ್ಲ. ಗದ್ದೆ ಕಳೆದು ಮನೆಗಳು ಶುರು ಆಗುವಾಗ ನನ್ನ ತಲೆಯಲ್ಲಿ ಒಂದು ಉಪಾಯ ಬಂತು, ಅದನ್ನು ಮುಚ್ಚಿಟ್ಟು ಬರೆದ್ರೆ ಈ ಬರಹಕ್ಕೆ ಅರ್ಥ ಇಲ್ಲ. ಸುಮ್ಮನೆ ಇರುದು. ಹಣ್ಣು ನೂರೈವತ್ತು ಮನೆಗೆ ಹಂಚಿ ಹೋಗ್ತದೆ. ಯಾವ ಬೀಗರು ಧಣಿಗೆ ಫೋನು ಮಾಡಿ ನಿಮ್ಮ ಆಪಲ್ ಹುಳಿ ಅಂತ ಹೇಳ್ತಾರೆ? ಮರ್ಯಾದೆಗೆ ಯಾರೂ ಹೇಳುದಿಲ್ಲ. ನಾನು ಕಾಶ್ಮೀರಕ್ಕೆ ಹೋಗ್ತೇನೆ. ಬಲ್ಮಠದವರೆಗೂ ಇದೇ ಉಪಾಯ ಗಟ್ಟಿ ಇತ್ತು. ಬಲ್ಮಠದಲ್ಲಿ ಬಸ್ಸು ನಿಂತಾಗ ಇನ್ನೊಂದು ಯೋಚನೆ ಬಂತು. ನಾಳೆ ಮತ್ತೊಂದು ಲಾರಿ ಬರ್ತದೆ, ನಾಡಿದ್ದು ಇನ್ನೊಂದು. ಪ್ರತಿ ಸಲ ಚೂರು ಬಾಯಿಗೆ ಹಾಕುವಾಗ ನನಗೆ ಈ ಹೆದರಿಕೆಯೇ ರುಚಿ ಆಗ್ತದೆ, ಬೇರೆ ಎಂತದೂ ಸಿಕ್ಕುದಿಲ್ಲ. ನಾಲಿಗೆ ಹೋದ ಮೇಲೆ ಮರ ನೋಡಿ ಎಂತ ಮಾಡುದು?

ಅಂಗಡಿ ಎದುರು ಕೈಗಾಡಿಯಲ್ಲಿ ಹತ್ತು ಪೆಟ್ಟಿಗೆ ಏರಿಸಿ ಹಗ್ಗ ಬಿಗಿದು ಆಗಿತ್ತು. ಹಾಜಿಯಾರ್ ಗಾದಿಯಲ್ಲಿ ತಸ್ಬಿಯ ಮಣಿ ಎಣಿಸ್ತಾ ಕೂತಿದ್ರು. ನಾನು ಚಪ್ಪಲಿ ಬಿಚ್ಚುದನ್ನೂ ಮರೆತು ಹತ್ತಿದೆ.

"ಹಾಜಿಯಾರೇ, ಹಗ್ಗ ಬಿಚ್ಚಿಸಿ. ನಾನು ಬರೆದ ಅಂಬ್ರಿ ಎಲ್ಲ ಅಂಬ್ರಿ ಅಲ್ಲ."

ತಸ್ಬಿ ನಿಂತಿತು. ಎಷ್ಟು ತಪ್ಪು ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಹೇಗೆ ಅಂತ ಕೇಳಿದ್ರು. ಹೇಳಿದೆ. ಬಾಟ್ಲಿ ತಾ ಅಂದ್ರು. ಗೋಣಿ ಹಿಂದಿಂದ ತಂದು ಕೊಟ್ಟೆ. ಬಿರಡೆ ತೆಗೆದು ಮೂಸಿದ್ರು.

"ಅಂಗಡಿಯಲ್ಲಿ ನೀರಿಲ್ವಾ?"

ಉಂಟು, ಆದ್ರೆ ನೀವೆಲ್ಲ ನೋಂಬಿನಲ್ಲಿ ಇರುವಾಗ ನಿಮ್ಮ ಎದುರು ಹೇಗೆ ಕುಡಿಯುದು ಅಂದೆ.

ಹಾಜಿಯಾರ್ ಎದ್ರು. ಬೈತಾರೆ ಅಂತ ನಾನು ತಲೆ ತಗ್ಗಿಸಿದೆ. ಅವರು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದ್ರು. ಮಸೀದಿಯ ಬೆಳಗ್ಗಿನ ಬಾಂಗಿನಿಂದ ಒಂದು ಹನಿ ಕುಡಿಯದ ಮನುಷ್ಯ, ತುಟಿ ಒಣಗಿ ಬಿಳಿ ಆಗಿತ್ತು. ಲೋಟ ನನ್ನ ಕೈಗೆ ಕೊಟ್ರು.

"ಕುಡಿ. ಇಲ್ಲೇ, ನನ್ನ ಎದುರು. ನನ್ನ ನೋಂಬು ನನ್ನ ಹತ್ರ ಉಂಟು, ನಿನ್ನ ಗಂಟಲಲ್ಲಿ ಇಲ್ಲ."

ಅರ್ಧ ನೀರು ಅಂಗಿ ಮೇಲೆ ಚೆಲ್ಲಿತು. ಉಳಿದದ್ದು ಕುಡಿದೆ.

ಹಗ್ಗ ಬಿಚ್ಚಿಸಿದ್ರು. ಧಣಿಗೆ ಫೋನು ಮಾಡಿ ಸ್ವಲ್ಪ ತಡ ಆಗ್ತದೆ ಅಂದ್ರು. ಆದ್ರೆ ಈಗ ಬೇರೆ ಹೆದರಿಕೆ. ಮತ್ತೆ ರುಚಿ ನೋಡುವವ ಯಾರು? ಅದೇ ನಾನು, ಅದೇ ನಾಲಿಗೆ. ಚೂರು ಬಾಯಿಗೆ ಹಾಕಿದೆ, ಸಿಹಿಯಾ ಹುಳಿಯಾ ಅಂತ ಹೇಳ್ಲಿಕ್ಕೆ ಧೈರ್ಯ ಇಲ್ಲ. ನನಗೆ ಆಗುದಿಲ್ಲ, ಬೇರೆ ಯಾರನ್ನಾದರೂ ಕರೆಸಿ ಅಂದೆ.

ಆಗ ಕಾಕ ಸುತ್ತಿಗೆ ಕೆಳಗಿಟ್ರು. ತಿನ್ನಲಿಕ್ಕೆ ತಾನೇ ಇಲ್ಲದ್ದು, ಮೂಸಲಿಕ್ಕೆ ಉಂಟಲ್ಲ ಅಂದ್ರು. ಅಂಬ್ರಿಗೆ ಪರಿಮಳ ಉಂಟು, ಮಹಾರಾಜಿಗೆ ಅಷ್ಟಿಲ್ಲ. ಹಸಿದವನ ಮೂಗು ಅಂದ್ರೆ ಎಂತ ಗೊತ್ತುಂಟಾ ನಿನಗೆ, ಮೂರು ಗಲ್ಲಿ ಆಚೆ ಯಾವ ಮನೆಯಲ್ಲಿ ಸಂಜೆಗೆ ಎಂತ ಕರೀತಾರೆ ಅಂತ ನಾನು ಇಲ್ಲಿ ಕೂತು ಹೇಳ್ತೇನೆ ಅಂದ್ರು. ಹಾಜಿಯಾರ್ ಯೋಚನೆ ಮಾಡಿ ತಲೆ ಆಡಿಸಿದ್ರು, ಮೂಸುದಕ್ಕೆ ತೊಂದರೆ ಇಲ್ಲ ಅಂತ.

ಮಾಡಿದ ಕ್ರಮ ಹೀಗೆ. ಹಣ್ಣು ಕೊಯ್ದ ಕೂಡಲೇ ಕಾಕ ಮೂಸಿ ಹಾಜಿಯಾರರ ಕಿವಿಯಲ್ಲಿ ಹೇಳುದು. ನನಗೆ ಕೇಳ್ಬಾರ್ದು. ಮತ್ತೆ ನಾನು ತಿಂದು ಜೋರಾಗಿ ಹೇಳುದು. ಎರಡೂ ಒಂದೇ ಆದ್ರೆ ಹಾಜಿಯಾರ್ ಹಳೇ ಅಕ್ಷರ ಉಜ್ಜಿ ಹೊಸತು ಬರೆಯುದು. ಪ್ರತಿ ಚೂರಿಗೆ ನೀರು, ಎಲ್ಲರ ಎದುರು. ಗೋಣಿ ಮರೆಯನ್ನು ಕಾಕ ಕಿತ್ತು ಹಾಕಿದ್ರು.

ಮೊದಲ ಪೆಟ್ಟಿಗೆಗೆ ನಾನು ಮಹಾರಾಜಿ ಅಂದೆ. ಹಾಜಿಯಾರ್ ಅ ಉಜ್ಜಿ ಮ ಬರೆದ್ರು. ಆಗ ಸ್ವಲ್ಪ ಉಸಿರು ಬಂತು. ಗಾಡಿಗೆ ಏರಿಸಿದ್ದ ಹತ್ತರಲ್ಲಿ ನಾಲ್ಕು ಮಹಾರಾಜಿ ಸಿಕ್ಕಿತು. ನಾಲ್ಕು ಪೆಟ್ಟಿಗೆ ಹುಳಿ, ಆ ಬೀಗರ ಮನೆಗಳಿಗೆ.

ಆರೇಳು ಪೆಟ್ಟಿಗೆ ಬಾಕಿ ಇರುವಾಗ ಧಣಿಯ ಅಂಬಾಸಿಡರ್ ಗಲ್ಲಿಯ ಬಾಯಿಗೆ ಬಂದು ನಿಂತಿತು. ಇಳಿದು ಬಂದವರೇ ಹಾಜಿಯಾರರಿಗೆ ತುಳುವಿನಲ್ಲಿ ಶುರು ಮಾಡಿದ್ರು, ಮನೆಯಲ್ಲಿ ಚೀಲ ಬಿಡಿಸಿ ಇಟ್ಟು ಹೆಂಗಸರು ಕೂತಿದ್ದಾರೆ, ನೀವು ಇಲ್ಲಿ ಆಪಲ್ ಮೂಸ್ತಾ ಕೂತಿದ್ದೀರಾ ಅಂತ. ಹಾಜಿಯಾರ್ ತಪ್ಪನ್ನು ಚೀಟಿ ಕರಗಿದ್ದರ ಮೇಲೆ ಹಾಕ್ಬಹುದಿತ್ತು. ಅವರು ನನ್ನ ಕಡೆ ನೋಡಿದ್ರು ಅಷ್ಟೆ. ಹೇಳ್ಬೇಕಾದವ ನಾನು. ತಪ್ಪು ನನ್ನದು ಧಣಿಗಳೇ ಅಂತ ಶುರು ಮಾಡಿ, ಪುನರ್ಪುಳಿ, ಗೋಣಿ, ಅಮ್ಮನ ಮೀನಿನ ಮಾತಿನವರೆಗೆ ಎಲ್ಲ ಹೇಳಿಬಿಟ್ಟೆ. ಒಂದು ಚೂರು ಅಂಬ್ರಿ, ಒಂದು ಚೂರು ಮಹಾರಾಜಿ ಕೊಯ್ದು ಅವರ ಎದುರು ಹಿಡಿದೆ. ಅವರು ಎರಡನ್ನೂ ತಿಂದ್ರು. ತಿನ್ನುವಷ್ಟು ಹೊತ್ತು ನಾನು ಅವರ ಮೀಸೆಯನ್ನೇ ನೋಡ್ತಾ ಇದ್ದೆ.

"ನಮ್ಮ ಅಡಿಗೆಯವ ಸಾಂಬಾರಿಗೆ ಉಪ್ಪು ನೋಡುವ ಮೊದಲು ಎಂತ ಕುಡೀತಾನೆ ಅಂತ ಇವತ್ತು ಹೋಗಿ ಕೇಳ್ಬೇಕು" ಅಂದ್ರು. ಕಾಕ ನಕ್ಕ ಮೇಲೆ ನನಗೆ ಗೊತ್ತಾಯ್ತು, ಅದು ಬೈಗುಳ ಅಲ್ಲ ಅಂತ.

ಅವರ ಹತ್ತು ಪೆಟ್ಟಿಗೆ ಮಧ್ಯಾಹ್ನಕ್ಕೆ ಮೊದಲು ಕೊಟ್ಟಾರಕ್ಕೆ ಹೋಯ್ತು. ಒಟ್ಟು ಹನ್ನೊಂದು ಅಂಬ್ರಿ, ಹನ್ನೆರಡು ಮಹಾರಾಜಿ. ಒಂದು ಪೆಟ್ಟಿಗೆಗೆ ಮಾತ್ರ ಕಾಕ ಅಂಬ್ರಿ ಅಂದ್ರು, ನಾನು ಮಹಾರಾಜಿ ಅಂದೆ. ಮತ್ತೆ ನೋಡಿದ್ರೆ ಅವರು ಮಹಾರಾಜಿ, ನಾನು ಅಂಬ್ರಿ. ಅದನ್ನು ಬದಿಗಿಟ್ರು.

ಸಂಜೆ ಬಾಂಗು ಆಯ್ತು. ಹಾಜಿಯಾರ್ ಖರ್ಜೂರ ತಿಂದು, ನೀರು ಕುಡಿದು, ಆ ಪೆಟ್ಟಿಗೆಯಿಂದ ಒಂದು ಹಣ್ಣು ತೆಗೆಸಿದ್ರು. ಇಡೀ ದಿನದ ಮೇಲೆ ಅವರ ನಾಲಿಗೆ, ಅದಕ್ಕಿಂತ ಚೊಕ್ಕ ನಾಲಿಗೆ ಊರಿನಲ್ಲಿ ಇರ್ಲಿಕ್ಕಿಲ್ಲ. ಕಣ್ಣು ಮುಚ್ಚಿ ಜಗಿದ್ರು. ಇನ್ನೊಂದು ಚೂರು ತೆಗೊಂಡ್ರು.

"ನೀನು ಹೇಳು."

"ಗೊತ್ತಾಗುದಿಲ್ಲ ಹಾಜಿಯಾರೇ."

"ನನಗೂ ಗೊತ್ತಾಗುದಿಲ್ಲ" ಅಂದ್ರು. ನೀಲಿ ಪೆನ್ಸಿಲ್ ನನಗೆ ಕೊಟ್ಟು, ಪೆಟ್ಟಿಗೆ ಮೇಲೆ ಒಂದು ಪ್ರಶ್ನೆ ಚಿಹ್ನೆ ಹಾಕು ಅಂದ್ರು. ಹಾಕಿದೆ. ನೋಟು ಪುಸ್ತಕದಲ್ಲೂ ಒಂದು ಹಾಕಿಟ್ಟೆ. ಆ ಹಣ್ಣು ನಾವೇ ಅಂಗಡಿಯವರು ತಿಂದು ಮುಗಿಸಿದ್ದು, ಕೊನೆವರೆಗೂ ಹೆಸರು ಸಿಕ್ಕಲಿಲ್ಲ.

ಕಾಕ ಎಲ್ಲರಿಗೂ ಗಂಜಿ ಹಾಕುವಾಗ ಹಾಜಿಯಾರ್ ಹೇಳಿದ್ರು, ಈ ವರ್ಷ ಕಾಶ್ಮೀರಕ್ಕೆ ನೀನು ಬರುದು ಬೇಡ ಅಂತ. ನಾನು ಆಯ್ತು ಅಂದೆ. ಅದಕ್ಕೆ ತಯಾರಾಗಿಯೇ ಇದ್ದೆ. ಅವರು ಗಂಜಿಯ ಬಟ್ಟಲು ನನ್ನ ಕಡೆ ದೂಡಿ, "ನಾನು ಇಲ್ಲದಾಗ ಲಾರಿ ಬಂದ್ರೆ ಇಲ್ಲಿ ರುಚಿ ನೋಡ್ಲಿಕ್ಕೆ ಒಬ್ಬ ಬೇಕಲ್ಲ" ಅಂದ್ರು.

ಅದು ಶಿಕ್ಷೆಯಾ, ನಂಬಿಕೆಯಾ ಅಂತ ನನಗೆ ಇವತ್ತಿಗೂ ಸರಿ ಗೊತ್ತಿಲ್ಲ. ಪೆರ್ನಾಲ್ ಕಳೆದು ಅವರು ರೈಲು ಹತ್ತಿದ ಮಾರನೇ ದಿನ ಲಾರಿ ಬಂತು. ನಾನು ಗಾದಿಯ ಪಕ್ಕ ಹೂಜಿ ಎದುರು ಕೂತು, ಲೋಟ ತುಂಬಿಸಿಟ್ಟು, ಮೊದಲ ಚೂರು ಬಾಯಿಗೆ ಹಾಕಿದೆ. ಹೆದರಿಕೆ ಇತ್ತು. ಈಗಲೂ ಉಂಟು, ಪ್ರತಿ ಪೆಟ್ಟಿಗೆಗೂ.

ಓದುವವರಲ್ಲಿ ಅಡಿಗೆಯವರು ಇರ್ಬಹುದು, ಚಾ ಪುಡಿ ಬೆರೆಸುವವರು, ಬೆಲ್ಲ ನೋಡುವವರು ಇರ್ಬಹುದು. ನಿಮ್ಮ ನಾಲಿಗೆ ನಿಮಗೆ ಯಾವಾಗಲಾದರೂ ಸುಳ್ಳು ಹೇಳಿದ್ದುಂಟಾ? ಅದಕ್ಕೆ ಮೊದಲು ನೀವು ಎಂತ ತಿಂದಿದ್ರಿ, ಎಂತ ಕುಡಿದಿದ್ರಿ, ಯಾರ ಎದುರು ಒಪ್ಪಿಕೊಂಡ್ರಿ, ದಯವಿಟ್ಟು ಒಂದು ಕಾರ್ಡು ಬರೆದು ತಿಳಿಸಿ. ನನ್ನ ನೋಟು ಪುಸ್ತಕದಲ್ಲಿ ಆ ಪ್ರಶ್ನೆ ಚಿಹ್ನೆಯ ಕೆಳಗೆ ಒಂದು ಪುಟ ಖಾಲಿ ಬಿಟ್ಟಿದ್ದೇನೆ.